ಕೈಲ್‌ಪೊಳ್ದ್ ಮುಗಿದ ಮೇಲೆ 18 ವಾರ

ಮೊದಲ ಮ್ಯಾರಥಾನಿಗೆ ಹೆಸರು ನೋಂದಾಯಿಸಿದ ದಿನ ಇದ್ದ ಉಮೇದು ಆರೇಳು ವಾರ ಕಳೆಯುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಬೆಳಗಿನ ಐದಕ್ಕೆ ಅಲಾರಂ ಹೊಡೆಯುತ್ತದೆ. ಹೊರಗೆ ಮಂಜು, ಕಂಬಳಿಯೊಳಗೆ ಬೆಚ್ಚಗಿದೆ, ಕಾಲು ಮರದ ಕೊರಡಿನಂತೆ ಬಿದ್ದಿದೆ. ಇಂಥ ಹೊತ್ತಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಮನಸ್ಸು ಗಟ್ಟಿ ಮಾಡಿಕೊ. ಒಳ್ಳೆಯದನ್ನು ಬಯಸಿಯೇ ಹೇಳುತ್ತಾರೆ. ಆದರೆ ನಾಲ್ಕು ತಿಂಗಳ ತಾಲೀಮನ್ನು ಬರೀ ಗಟ್ಟಿ ಮನಸ್ಸಿನ ಮೇಲೆ ದಾಟಿಸಲು ಆಗುವುದಿಲ್ಲ. ಓಡಲು ಮನಸ್ಸಾಗುತ್ತಿಲ್ಲ ಎನ್ನುವುದನ್ನು ಜ್ವರದ ಹಾಗೆ ನೋಡಬೇಕು. ಅದು ಲಕ್ಷಣ. ಕಾರಣ ಬೇರೆಲ್ಲೋ ಕೂತಿರುತ್ತದೆ: ಓಡಿದ ವೇಗದಲ್ಲಿ, ಊಟದ ತಟ್ಟೆಯಲ್ಲಿ, ನಿದ್ದೆಯಲ್ಲಿ, ಆರಿಸಿಕೊಂಡ ರಸ್ತೆಯಲ್ಲಿ, ಕೆಲವೊಮ್ಮೆ ಒಣಗದ ಶೂವಿನಲ್ಲಿ. ಕಾರಣ ಹುಡುಕಿ ಸರಿಪಡಿಸಿದರೆ ಉಮೇದು ತಾನಾಗಿ ಮರಳುತ್ತದೆ. ಕೊಡಗಿನಲ್ಲಿದ್ದು ತಾಲೀಮು ಮಾಡುವವರಿಗೆ ಈ ಕಾರಣಗಳು ಬಯಲುಸೀಮೆಯವರಿಗಿಂತ ಸ್ವಲ್ಪ ಬೇರೆ. ಅದಕ್ಕೇ ಈ ಬರಹ.

ಓಟದ ದಿನಾಂಕದಿಂದಲೇ ಶುರು ಮಾಡೋಣ. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ನಡೆಯುವುದು ವಾಡಿಕೆ. ಅಲ್ಲಿಂದ 18 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ನಡುಭಾಗಕ್ಕೆ ಬರುತ್ತೇವೆ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬ, ಕಳೆದು, ನಾಟಿ ಮುಗಿದು, ಮಳೆ ಹಿಂದೆ ಸರಿಯುವ ಸಮಯ ಅದು. ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು. ಜೂನ್-ಜುಲೈಯಲ್ಲಿ ಶುರುಮಾಡಿದವರು ಕಕ್ಕಡದ (ಆಟಿ ತಿಂಗಳ) ಮಳೆಗೆ ಸಿಕ್ಕಿ ಮೂರು ದಿನ ಓಡಿ ನಾಲ್ಕು ದಿನ ಬಿಡುತ್ತಾರೆ, ಆಮೇಲೆ ತಮ್ಮಲ್ಲೇ ಶಿಸ್ತಿಲ್ಲ ಎಂದು ಕೊರಗುತ್ತಾರೆ. ತಪ್ಪು ಅವರದಲ್ಲ, ಕ್ಯಾಲೆಂಡರಿನದು. ಮಳೆಗಾಲದ ಮೂರು ತಿಂಗಳು ವಾರಕ್ಕೆ ಮೂರು ಸಲ ಐದಾರು ಕಿಲೋಮೀಟರ್ ಓಟ, ಜಗಲಿಯ ಮೆಟ್ಟಿಲಿನ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ ಮೂರು ಸುತ್ತು, ಒಂಟಿ ಕಾಲಿನಲ್ಲಿ ಕುರ್ಚಿಗೆ ಕೂತು ಏಳುವುದು 8ರಂತೆ ಮೂರು ಸುತ್ತು. ಅಷ್ಟಾದರೆ ಧಾರಾಳ.

ಸೆಪ್ಟೆಂಬರ್ ಹೊತ್ತಿಗೆ ವಾರಕ್ಕೆ ಒಟ್ಟು 20-25 ಕಿ.ಮೀ. ಓಡಿದರೂ ಮೈ ನೋಯದೆ ಇರಬೇಕು. ಅಲ್ಲಿಂದ ಮುಂದೆ ವಾರಕ್ಕೆ ನಾಲ್ಕು ದಿನದ ಓಟ. ಅದರಲ್ಲಿ ಭಾನುವಾರದ ದೀರ್ಘ ಓಟವೇ ಬೆನ್ನೆಲುಬು. ಅದು 10, 12, 13 ಎಂದು ಏರಿ ನಾಲ್ಕನೇ ವಾರ 10ಕ್ಕೆ ಇಳಿಯುತ್ತದೆ. ಆಮೇಲೆ 14, 16, 18, ಮತ್ತೆ 13. ಆಮೇಲೆ 20, 22, 24, ಮತ್ತೆ 16. ಕೊನೆಗೆ 26, 28, 30. ಉಳಿದ ಮೂರು ವಾರದಲ್ಲಿ 20, 12, ಮತ್ತು ಓಟದ ದಿನ. ನಾಲ್ಕನೇ ವಾರದ ಇಳಿತವನ್ನು ಹೊಸಬರು ಸೋಮಾರಿತನ ಎಂದುಕೊಂಡು ಹಾರಿಸುತ್ತಾರೆ. ಆರನೇ ವಾರದಲ್ಲಿ ಉಮೇದು ಸಾಯಲು ಇದೇ ದೊಡ್ಡ ಕಾರಣ. ದೇಹ ಗಟ್ಟಿಯಾಗುವುದು ಓಡುವಾಗಲ್ಲ, ಓಡಿದ ಮೇಲೆ ಬಿಡುವು ಕೊಟ್ಟಾಗ. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಎಲುಬು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಉಸಿರು ಆರಾಮವಾಗಿದೆ, ಇನ್ನೂ ಓಡಬಹುದು ಅನಿಸಿದ ವಾರವೇ ಮೊಣಕಾಲ ಕೆಳಗಿನ ಎಲುಬು ಮುನಿಸಿಕೊಳ್ಳುವುದು.

ಈ ಇಳಿತದ ವಾರಗಳನ್ನು ಊರಿನ ಹಬ್ಬಕ್ಕೆ ಹೊಂದಿಸಿಕೊಳ್ಳಬಹುದು, ಹೊಂದಿಸಿಕೊಳ್ಳಲೇಬೇಕು. ಸುಗ್ಗಿಯ ಹಬ್ಬ ಹುತ್ತರಿ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲ ಭಾಗಕ್ಕೋ ಬರುತ್ತದೆ, ಅಂದರೆ ತಾಲೀಮಿನ ಹನ್ನೊಂದು-ಹನ್ನೆರಡನೇ ವಾರ. ದಿನಾಂಕ ಗೊತ್ತಾದ ಕೂಡಲೇ ಆ ವಾರಕ್ಕೆ 16 ಕಿ.ಮೀ. ಬರೆದಿಟ್ಟುಬಿಡಿ. ಕದಿರು ತೆಗೆದು, ಊರು ತಿರುಗಿ, ನಡುರಾತ್ರಿ ದಾಟಿ ಮಲಗಿದವರು ಮರುದಿನ 24 ಕಿ.ಮೀ. ಓಡಬೇಕೆಂದು ಹಟ ಹಿಡಿದರೆ ಹಬ್ಬವೂ ಕೆಡುತ್ತದೆ, ಓಟವೂ ಕೆಡುತ್ತದೆ. ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೋಗದೆ ಓಡಲು ಹೋದವರ ಮೇಲೆ ಮನೆಯವರಿಗೆ ಬೇಸರವಾದರೆ ಮುಂದಿನ ಐದು ವಾರ ಬೆಂಬಲ ಸಿಗುವುದೂ ಕಷ್ಟ. ಮನೆಯ ಬೆಂಬಲವನ್ನೂ ತಾಲೀಮಿನ ಲೆಕ್ಕಕ್ಕೆ ಸೇರಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ವೇಗದ ವಿಷಯ. ಉಮೇದನ್ನು ತಿನ್ನುವ ಗೆದ್ದಲು ಅಂದರೆ ಇದೇ. ಮೊದಲ ಮ್ಯಾರಥಾನಿನ ತಾಲೀಮಿನಲ್ಲಿ ಹತ್ತರಲ್ಲಿ ಎಂಟು ಪಾಲು ಓಟ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ನಿಧಾನವಾಗಿರಬೇಕು. ಬಯಲಲ್ಲಿ ಇದನ್ನು ಗಡಿಯಾರ ನೋಡಿ ಅಳೆಯಬಹುದು. ಮಡಿಕೇರಿಯಂಥ ಊರಲ್ಲಿ ಗಡಿಯಾರ ದಾರಿ ತಪ್ಪಿಸುತ್ತದೆ. ಸಮತಟ್ಟಿನಲ್ಲಿ ಕಿಲೋಮೀಟರಿಗೆ 7 ನಿಮಿಷದಲ್ಲಿ ಆರಾಮಾಗಿ ಓಡುವವರು ಶೇ 5ರ ಏರಿನಲ್ಲಿ, ಅಂದರೆ 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ, ಅಷ್ಟೇ ಶ್ರಮಕ್ಕೆ 9 ನಿಮಿಷದ ಹತ್ತಿರ ಹೋಗುತ್ತಾರೆ. ಗಡಿಯಾರದಲ್ಲಿ 7 ಉಳಿಸಿಕೊಳ್ಳಲು ಹೋದರೆ ಪ್ರತಿ ಓಟವೂ ಪಂದ್ಯವಾಗುತ್ತದೆ. ಎರಡು ವಾರ ಹೀಗೆ ನಡೆದರೆ ಮೂರನೇ ವಾರ ಶೂ ನೋಡಿದರೇ ಬೇಸರ. ಇದನ್ನು ಮನೋಬಲದ ಕೊರತೆ ಅನ್ನುವುದು ಅನ್ಯಾಯ. ಏರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಉಸಿರು ತುಂಡಾಗತೊಡಗಿದರೆ ನಡೆಯಿರಿ. ಏರಿನಲ್ಲಿ ನಡೆಯುವುದು ಸೋಲಲ್ಲ, ಶ್ರಮವನ್ನು ಸಮನಾಗಿ ಇಟ್ಟುಕೊಳ್ಳುವ ಉಪಾಯ. ದೂರದ ಬದಲು ಹೊತ್ತನ್ನು ಲೆಕ್ಕ ಹಾಕುವುದು ಗುಡ್ಡದೂರಿನವರಿಗೆ ಇನ್ನೂ ಒಳ್ಳೆಯದು: ಮಂಗಳವಾರ 45 ನಿಮಿಷ, ಗುರುವಾರ 60 ನಿಮಿಷ. ವಾರಕ್ಕೊಂದು ದಿನ ಮಾತ್ರ ಸಮತಟ್ಟು ರಸ್ತೆ ಹುಡುಕಿ ಗಡಿಯಾರ ನೋಡಿ ಓಡಿ. ಕುಶಾಲನಗರದ ಸುತ್ತಮುತ್ತ, ಗೋಣಿಕೊಪ್ಪ-ಪೊನ್ನಂಪೇಟೆ ಕಡೆಯ ಗದ್ದೆ ಬಯಲಿನ ರಸ್ತೆಗಳಲ್ಲಿ ಅಂಥ ಜಾಗ ಸಿಗುತ್ತದೆ. ಮುಂಬೈ ರಸ್ತೆ ಬಹುಪಾಲು ಸಮತಟ್ಟಾಗಿರುವುದರಿಂದ ಒಂದೇ ಲಯದಲ್ಲಿ ಗಂಟೆಗಟ್ಟಲೆ ಓಡುವ ಅಭ್ಯಾಸವೂ ಕಾಲಿಗೆ ಬೇಕು.

ಏರಿಗಿಂತ ಹೆಚ್ಚು ಎಚ್ಚರ ಬೇಕಾದ್ದು ಇಳಿಜಾರಿನ ಬಗ್ಗೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ., ಎತ್ತರ ಸುಮಾರು 300 ಮೀಟರ್ ಇಳಿಯುತ್ತದೆ. ಇಳಿದುಕೊಂಡು ಓಡಿ ಬಸ್ಸಿನಲ್ಲಿ ಮರಳುವ ಯೋಚನೆ ಯಾರಿಗಾದರೂ ಬರುತ್ತದೆ. ಹೆದ್ದಾರಿಯ ವಾಹನ ಸಂಚಾರ ಒಂದು ಅಪಾಯವಾದರೆ ತೊಡೆಯ ಮುಂಭಾಗದ ಸ್ನಾಯು ಇನ್ನೊಂದು. ಇಳಿಯುವಾಗ ಪ್ರತಿ ಹೆಜ್ಜೆಗೂ ಆ ಸ್ನಾಯು ಮೈಭಾರವನ್ನು ತಡೆಯುತ್ತಾ ಉದ್ದವಾಗುತ್ತದೆ. ಎಳೆದುಕೊಂಡೇ ಬಿಗಿಹಿಡಿಯುವ ಈ ಕೆಲಸದಿಂದ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರುಕು ಉಂಟಾಗುತ್ತದೆ. ಓಡುವಾಗ ಏನೂ ತಿಳಿಯುವುದಿಲ್ಲ, ಉಸಿರು ಹಗುರ, ವೇಗ ಜೋರು, ಖುಷಿಯೋ ಖುಷಿ. ಮರುದಿನ ಬಿಗಿತ, ಎರಡನೇ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಆ ವಾರದ ಉಳಿದ ಓಟಗಳೆಲ್ಲ ಹಾಳು. ಇದಕ್ಕೆ ಪರಿಹಾರವೂ ಇಳಿಜಾರಲ್ಲೇ ಇದೆ. ಮೊದಲ ತಿಂಗಳಲ್ಲೇ ವಾರಕ್ಕೊಮ್ಮೆ ಹತ್ತು ನಿಮಿಷ ಹಗುರವಾಗಿ ಇಳಿದು ಓಡಿದರೆ ಸ್ನಾಯು ಆ ಪೆಟ್ಟಿಗೆ ಒಗ್ಗಿಕೊಳ್ಳುತ್ತದೆ, ಆ ರಕ್ಷಣೆ ಹಲವು ವಾರ ಉಳಿಯುತ್ತದೆ. ಹೆಜ್ಜೆ ಚಿಕ್ಕದಾಗಿರಲಿ, ಪಾದ ಸೊಂಟದ ನೇರ ಕೆಳಗೆ ಬೀಳಲಿ, ಹಿಂದಕ್ಕೆ ವಾಲಿ ಬ್ರೇಕ್ ಹಾಕಬೇಡಿ. ಶೂವಿನ ತುದಿಯಲ್ಲಿ ಹೆಬ್ಬೆರಳಗಲದ ಜಾಗ ಬಿಟ್ಟು ಉಗುರು ಕತ್ತರಿಸಿಕೊಂಡಿದ್ದರೆ ಉಗುರು ಕಪ್ಪಾಗುವುದಿಲ್ಲ. ಓಟಕ್ಕೆ ಮೂರು ವಾರ ಉಳಿದ ಮೇಲೆ ಉದ್ದದ ಇಳಿಜಾರು ಬೇಡವೇ ಬೇಡ.

ಮೂರನೆಯ ಕಾರಣ ಹೊಟ್ಟೆ. ಮನಸ್ಸಿಲ್ಲ ಎನ್ನುವವರ ಹಿಂದಿನ ದಿನದ ಊಟ ವಿಚಾರಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. 65 ಕಿಲೋ ಇರುವವರಿಗೆ 42.195 ಕಿ.ಮೀ.ಗೆ ಸುಮಾರು 2,700 ಕ್ಯಾಲೊರಿ. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು ಮಾತ್ರ. ಉಳಿದದ್ದಕ್ಕೆ ಕೊಬ್ಬು ಕರಗುತ್ತದೆ, ಆದರೆ ಕೊಬ್ಬು ನಿಧಾನಕ್ಕೆ ಉರಿಯುವ ಸೌದೆ. 30 ಕಿ.ಮೀ. ಆಸುಪಾಸಿನಲ್ಲಿ ಕಾಲು ಕಟ್ಟಿಹಾಕಿದಂತಾಗುವುದು ಇದಕ್ಕೇ. ಮೆದುಳೂ ಸಕ್ಕರೆಯನ್ನೇ ನಂಬಿರುವುದರಿಂದ ಅದು ಕಡಿಮೆಯಾದಾಗ ಮೊದಲು ಬಾಡುವುದು ಮನಸ್ಸು. 90 ನಿಮಿಷ ದಾಟುವ ಯಾವ ಓಟದಲ್ಲೂ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಅಂಗಡಿಯ ಜೆಲ್ ಆದೀತು. ಆದರೆ ಹುತ್ತರಿಯ ತಂಬುಟ್ಟು ಇದಕ್ಕೆಂದೇ ಹುಟ್ಟಿದ ಹಾಗಿದೆ: ಮಾಗಿದ ಬಾಳೆಹಣ್ಣಿನ ಅರ್ಧ ಭಾಗಕ್ಕೆ ಹುರಿದ ಅಕ್ಕಿಯ ಹಿಟ್ಟು ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು ಹಾಕಿ ಕಲಸಿ ಉಂಡೆ ಕಟ್ಟಿದರೆ ಒಂದರಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ತುಪ್ಪ, ತೆಂಗಿನಕಾಯಿ, ಎಳ್ಳು ಓಟದ ಉಂಡೆಗೆ ಬೇಡ, ಕೊಬ್ಬು ಮತ್ತು ನಾರಿನಿಂದ ಹೊಟ್ಟೆ ಭಾರವಾಗುತ್ತದೆ. ಗಂಟಲಿಗೆ ಅಂಟದಂತೆ ಒಂದೆರಡು ಗುಟುಕು ನೀರಿನ ಜೊತೆ ತಿನ್ನಬೇಕು. ಕೊಬ್ಬಿನಿಂದ ಹೊಟ್ಟೆ ಭಾರವಾಗುವ ಮಾತನ್ನೇ ಪಂದಿಕರಿಗೂ (ಹಂದಿಮಾಂಸದ ಕರಿ) ಹೇಳಬಹುದು. ಶನಿವಾರ ರಾತ್ರಿ ಅನ್ನ-ಸಾರು, ಇಲ್ಲವೇ ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಮತ್ತು ಎಣ್ಣೆ ಕಡಿಮೆಯ ಕರಿ. ಪಂದಿಕರಿ-ಕಡಂಬುಟ್ಟು (ಅಕ್ಕಿ ಕಡುಬು) ಭಾನುವಾರ ಮಧ್ಯಾಹ್ನಕ್ಕಿರಲಿ, ಆಗ ಅದು ಮೈಗೆ ಬೇಕಾದ ಪ್ರೋಟೀನೂ ಹೌದು, ಕಬ್ಬಿಣಾಂಶವೂ ಹೌದು.

ಕಬ್ಬಿಣಾಂಶದ ಮಾತು ಬಂದಾಗ ಕಾಫಿಯ ಬಗ್ಗೆ ಹೇಳಲೇಬೇಕು. ಊಟದ ಜೊತೆ, ಊಟವಾದ ತಕ್ಷಣ ಕಾಫಿ ಕುಡಿದರೆ ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಅಂತರವಿರಲಿ. ಸರಿಯಾಗಿ ತಿಂದು, ನಿದ್ದೆ ಮಾಡಿ, ನಿಧಾನವಾಗಿ ಓಡಿದರೂ ಮೂರು ವಾರದಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ) ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಹಿಡಿದಿರಬಹುದು, ಹೆಂಗಸರಲ್ಲಿ ಇದು ಹೆಚ್ಚು. ಮುಟ್ಟು ಮೂರು ತಿಂಗಳು ನಿಂತುಹೋದರೆ ಅದನ್ನು ಓಟದ ಸಹಜ ಪರಿಣಾಮ ಎಂದು ಬಿಡಬಾರದು. ತಿನ್ನುವುದು ಖರ್ಚಿಗೆ ಸಾಲುತ್ತಿಲ್ಲ ಎನ್ನುವ ಸೂಚನೆ ಅದಾಗಿರಬಹುದು, ಎಲುಬು ಸವೆಯುವ ಮೊದಲೇ ವೈದ್ಯರನ್ನು ಕಾಣಬೇಕು. ಇಷ್ಟು ಹೇಳಿದ ಮೇಲೆ ಕಾಫಿಯ ಪರವಾಗಿಯೂ ಒಂದು ಮಾತು: ಓಟಕ್ಕೆ ಮುಕ್ಕಾಲು ಗಂಟೆ ಮೊದಲು ಕುಡಿದರೆ ಅದು ನಿಜಕ್ಕೂ ನೆರವಾಗುತ್ತದೆ. ಮೈತೂಕದ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಸಾಕು. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ, ಚಿಕೋರಿಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಮನೆಯ ಪುಡಿ ಯಾವುದು ಎಂದು ನೋಡಿ ಲೋಟದ ಅಳತೆ ಗೊತ್ತುಮಾಡಿಕೊಳ್ಳಿ. ಬೆಲ್ಲದ ಕರಿಕಾಫಿ ಹೊಟ್ಟೆಗೆ ಹಾಲಿನ ಕಾಫಿಗಿಂತ ಹಗುರ.

ಶೂ ಒಣಗಿಸುವುದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಬೆಳಗಿನ ಚಳಿಯಲ್ಲಿ ತಣ್ಣಗೆ ಒದ್ದೆಯಾದ ಶೂವಿಗೆ ಕಾಲು ತೂರಿಸಬೇಕು ಎನ್ನುವ ಯೋಚನೆಯೇ ಎಷ್ಟೋ ಓಟಗಳನ್ನು ತಪ್ಪಿಸಿದೆ. ಅಕ್ಟೋಬರ್‌ನಲ್ಲೂ ತುಲಾ ಸಂಕ್ರಮಣದ ಹೊತ್ತಿಗೆ ಸಂಜೆ ಮಳೆ ಬರುತ್ತದೆ, ಆಮೇಲೆ ಇಬ್ಬನಿ ಹುಲ್ಲು. ಮನೆಗೆ ಬಂದ ಕೂಡಲೇ ದಾರ ಪೂರ್ತಿ ಸಡಿಲಿಸಿ, ನಾಲಗೆ ಹೊರಗೆಳೆದು, ಒಳಗಿನ ಇನ್‌ಸೋಲ್ ತೆಗೆದು ಬೇರೆಯಾಗಿ ನಿಲ್ಲಿಸಿ. ಹಳೆಯ ಪೇಪರಿನ ಒಂದೊಂದೇ ಹಾಳೆ ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುರುಕಿ. ಒಂದು ಗಂಟೆಯಲ್ಲಿ ಆ ಪೇಪರು ನೀರು ಕುಡಿದು ಮೆತ್ತಗಾಗಿರುತ್ತದೆ, ತೆಗೆದು ಹೊಸದು ತುರುಕಿ. ಮಲಗುವ ಮೊದಲು ಮೂರನೇ ಸಲ. ಫ್ಯಾನಿನ ಕೆಳಗಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ. ಬಚ್ಚಲ ಒಲೆಯ ಮುಂದೆ, ಅಗ್ಗಿಷ್ಟಿಕೆಯ ಪಕ್ಕ ಇಡಬೇಡಿ. ಅಡಿಭಾಗದ ಫೋಮ್ ಬಿಸಿಗೆ ಕುಗ್ಗಿ ಗಟ್ಟಿಯಾಗುತ್ತದೆ, ಅಂಟು ಬಿಡುತ್ತದೆ, 500-800 ಕಿ.ಮೀ. ಬಾಳಬೇಕಾದ ಶೂ ಅರ್ಧಕ್ಕೇ ಸಾಯುತ್ತದೆ. ಎರಡು ಜೊತೆ ಇಟ್ಟುಕೊಂಡು ಬದಲಾಯಿಸುತ್ತಿದ್ದರೆ ಫೋಮಿಗೂ ಉಬ್ಬಿ ಮೊದಲಿನಂತಾಗಲು ಸಮಯ ಸಿಗುತ್ತದೆ.

ದಾರಿಯ ಭಯವನ್ನು ಸೋಮಾರಿತನ ಎಂದು ತಿಳಿಯುವುದೂ ಉಂಟು. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಬೆಳಗಿನ ಜಾವ ಓಡಲು ಹಿಂಜರಿದರೆ ಅದು ವಿವೇಕ. ನವೆಂಬರ್-ಡಿಸೆಂಬರ್‌ನಲ್ಲಿ ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಕಾಡಾನೆಗಳು ರಾತ್ರಿ ಮೇಯ್ದು ಬೆಳಗಿನ ಮುಂಚೆ ತೋಟದೊಳಗೆ ಮರಳುತ್ತವೆ. ನಮ್ಮ ದೀರ್ಘ ಓಟದ ಸಮಯವೂ ಅದೇ. ಅಂಥ ಕಡೆ ಪೂರ್ತಿ ಬೆಳಕಾದ ಮೇಲೆಯೇ ಹೊರಡಿ, ಒಬ್ಬರೇ ಹೋಗಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ಹಿಂದಿನ ಸಂಜೆ ಲೈನ್‌ಮನೆಯ ಕಾರ್ಮಿಕರನ್ನೋ ತೋಟದ ರೈಟರನ್ನೋ (ಗುಮಾಸ್ತರನ್ನೋ) ಕೇಳಿದರೆ ಆನೆ ಯಾವ ಕಡೆಯಿದೆ ಎಂಬುದು ತಿಳಿಯುತ್ತದೆ. ರಸ್ತೆಯಲ್ಲಿ ಹಬೆಯಾಡುವ ಹಸಿ ಲದ್ದಿ, ಆಗತಾನೇ ಮುರಿದ ಕೊಂಬೆ ಕಂಡರೆ ಅಂದಿನ ಓಟ ಅಲ್ಲಿಗೆ ಮುಗಿಯಿತು, ಬಂದ ದಾರಿಯಲ್ಲಿ ವಾಪಸ್. ಊರೊಳಗಿನ ಎರಡು ಕಿಲೋಮೀಟರ್ ಸುತ್ತನ್ನು ಹತ್ತು ಸಲ ಸುತ್ತುವುದು ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮನೆ ಬಾಗಿಲಲ್ಲಿ ನೀರು, ತಿಂಡಿ ಇಟ್ಟುಕೊಳ್ಳಬಹುದು, ಒಂಟಿಯಾಗಿ ಮುಂದುವರಿಯುವ ಅಭ್ಯಾಸವೂ ಆಗುತ್ತದೆ. ಮಂಜಿನಲ್ಲಿ ಹಣೆಯ ಮೇಲಿನ ದೀಪ ಬಿಳಿ ಗೋಡೆಯಂತೆ ಕಣ್ಣಿಗೇ ರಾಚುತ್ತದೆ. ಟಾರ್ಚನ್ನು ಸೊಂಟದ ಎತ್ತರದಲ್ಲಿ ಹಿಡಿದರೆ ರಸ್ತೆ ಕಾಣುತ್ತದೆ. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿ, ಮೈಮೇಲೆ ಹೊಳೆಯುವ ಪಟ್ಟಿ ಇರಲಿ.

ಕಾಫಿ ಕುಯಿಲು ಶುರುವಾದಾಗ ಇನ್ನೊಂದು ಕಷ್ಟ. ಅರೇಬಿಕಾ ಕುಯಿಲಿಗೂ ತಾಲೀಮಿನ ಅತಿ ಭಾರದ ವಾರಗಳಿಗೂ ಒಂದೇ ಕಾಲ. ಬೆಳಿಗ್ಗೆ ಆಳುಗಳನ್ನು ಕರೆತರುವುದರಿಂದ ಸಂಜೆ ಹಣ್ಣು ತೂಗಿ, ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕುವವರೆಗೆ ನಿಂತೇ ಇರುವವರಿಗೆ ಕಾಲಿಗೆ ಬೀಳುವ ಹೊರೆ ಕಚೇರಿಯಲ್ಲಿ ಕೂರುವವರಿಗಿಂತ ಬಹಳ ಹೆಚ್ಚು. ಆ ಹೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಅಂತರ್ಜಾಲದ ಪಟ್ಟಿಯನ್ನು ಅಕ್ಷರಶಃ ಪಾಲಿಸಿದರೆ ದೇಹ ಕೈ ಎತ್ತುತ್ತದೆ. ಕುಯಿಲಿನ ವಾರಗಳಲ್ಲಿ ನಾಲ್ಕು ಓಟವನ್ನು ಮೂರಕ್ಕೆ ಇಳಿಸಿ: ಭಾನುವಾರದ ದೀರ್ಘ ಓಟ, ನಡುವಾರ 60-75 ನಿಮಿಷದ ಒಂದು, 30 ನಿಮಿಷದ ಇನ್ನೊಂದು. ಬಿಟ್ಟದ್ದನ್ನು ಮುಂದಿನ ವಾರಕ್ಕೆ ಸಾಲವಾಗಿ ಹೊರಿಸಬೇಡಿ. ತಪ್ಪಿದ ಓಟ ತಪ್ಪಿತು. 18 ವಾರದಲ್ಲಿ ಏಳೆಂಟು ಓಟ ತಪ್ಪಿದರೂ ಮ್ಯಾರಥಾನ್ ಮುಗಿಸಬಹುದು. ತಪ್ಪಿದ್ದನ್ನೆಲ್ಲ ಒಂದೇ ವಾರದಲ್ಲಿ ತೀರಿಸಲು ಹೋದವರು ಗಾಯಗೊಂಡು ಮನೆಯಲ್ಲಿ ಕೂರುತ್ತಾರೆ.

ಇಷ್ಟೆಲ್ಲ ಕಾರಣಗಳಲ್ಲಿ ಇವತ್ತಿನದು ಯಾವುದು ಎಂದು ತಿಳಿಯಲು ಒಂದು ನೋಟ್‌ಬುಕ್ ಬೇಕು. ಓಡಿದ ದೂರ ಬರೆಯುವುದಕ್ಕಲ್ಲ, ಅದನ್ನು ಗಡಿಯಾರ ನೋಡಿಕೊಳ್ಳುತ್ತದೆ. ದಿನಕ್ಕೊಂದು ಸಾಲು, ನಾಲ್ಕು ಅಂಕಣ: ಎದ್ದ ಕೂಡಲೇ ಹಾಸಿಗೆಯಲ್ಲೇ ಎಣಿಸಿದ ನಾಡಿಬಡಿತ, ಮಲಗಿದ ಗಂಟೆಗಳು, ಹಿಂದಿನ ರಾತ್ರಿಯ ಊಟ, ಓಡಲು ಮನಸ್ಸು ಹತ್ತರಲ್ಲಿ ಎಷ್ಟು. ಮೂರು ವಾರ ಬರೆದರೆ ಸಾಲುಗಳು ತಾವೇ ಮಾತಾಡುತ್ತವೆ. ನಾಡಿ ಮಾಮೂಲಿಗಿಂತ ಏಳೆಂಟು ಬಡಿತ ಹೆಚ್ಚಾಗಿ ಮೂರು ದಿನ ಉಳಿದಿದ್ದರೆ, ಮನಸ್ಸು ಮೂರಕ್ಕೆ ಇಳಿದಿದ್ದರೆ, ಎರಡು ದಿನ ರಜೆ. ನಾಡಿ, ನಿದ್ದೆ, ಊಟ ಎಲ್ಲ ಸರಿಯಿದ್ದು ಮನಸ್ಸು ಮಾತ್ರ ಮೂರಿದ್ದರೆ ಶೂ ಹಾಕಿಕೊಂಡು ಹತ್ತು ನಿಮಿಷ ಓಡಿ ನೋಡಿ. ಹತ್ತು ನಿಮಿಷ ಕಳೆದರೂ ಬೇಡವೆನಿಸಿದರೆ ಮನೆಗೆ ಬನ್ನಿ, ಅದರಲ್ಲಿ ನಾಚಿಕೆಯಿಲ್ಲ. ಬಹಳ ಸಲ ಐದನೇ ನಿಮಿಷಕ್ಕೆ ಮೈ ಬಿಸಿಯಾಗಿ ಕಾಲು ತಾನೇ ಮುಂದೆ ಹೋಗುತ್ತದೆ. ನೋವಿನ ವಿಷಯದಲ್ಲಿ ಮಾತ್ರ ಈ ಹತ್ತು ನಿಮಿಷದ ನಿಯಮ ಬಳಸಬೇಡಿ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ಇಲ್ಲೇ ಎಂದು ತೋರಿಸುವಂಥ ನೋವು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಎಲುಬಿನ ಬಿರುಕಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಡಿಸೆಂಬರ್ ಕೊನೆಗೆ 30 ಕಿ.ಮೀ. ಮುಗಿದ ಮೇಲೆ ಓಟ ಕಡಿಮೆ ಮಾಡುವ ಮೂರು ವಾರ. ಇಲ್ಲಿ ಉಮೇದು ವಿಚಿತ್ರವಾಗಿ ಕೈಕೊಡುತ್ತದೆ. ಕಾಲು ಭಾರ, ಇಲ್ಲದ ನೋವುಗಳು ಅಲ್ಲಲ್ಲಿ ಹುಟ್ಟುತ್ತವೆ, ಎಲ್ಲ ಮರೆತುಹೋದಂತೆ ಗಾಬರಿ. ಎರಡು ವಾರ ಓಟ ಅರ್ಧವಾದರೆ ಶಕ್ತಿ ಹೋಗುವುದಿಲ್ಲ. ದೇಹ ರಿಪೇರಿ ಮಾಡಿಕೊಳ್ಳುತ್ತಿದೆ, ಸಕ್ಕರೆ ತುಂಬಿಕೊಳ್ಳುತ್ತಿದೆ, ಅದಕ್ಕೇ ಭಾರ. ಕೈಗೆ ಸಿಕ್ಕ ಈ ಸಮಯವನ್ನು ಸೆಕೆಗೆ ಒಗ್ಗಿಕೊಳ್ಳಲು ಬಳಸಿ. ಮಡಿಕೇರಿಯ ಜನವರಿಯ ಚಳಿಯಲ್ಲಿ ತಾಲೀಮು ಮಾಡಿದ ಮೈ ಮುಂಬೈಯ ಕಡಲ ಸೆಕೆಗೆ ಬೆವರಿ ಬಳಲುತ್ತದೆ. ಒಗ್ಗಿಕೊಳ್ಳಲು 10ರಿಂದ 14 ದಿನ ಬೇಕು. ಚಿಕ್ಕ ಓಟಗಳನ್ನು ಬೆಳಗ್ಗೆಯಿಂದ ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಬದಲಾಯಿಸಿ, ಮೇಲೊಂದು ತೆಳು ಜಾಕೆಟ್ ಹಾಕಿಕೊಂಡು ನಿಧಾನವಾಗಿ ಓಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಓಟದ ದಿನ ಬಾಯಾರಿದಷ್ಟು ಕುಡಿಯಿರಿ, ಸಿಕ್ಕ ನೀರಿನ ಮೇಜಿಗೆಲ್ಲ ನಿಂತು ಹೊಟ್ಟೆ ತುಂಬಿಸಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾದೀತು.

ಮುಂಬೈಯಲ್ಲಿ ಪೆಡ್ಡರ್ ರೋಡಿನ ಏರು ಮರಳುವಾಗ 35 ಕಿ.ಮೀ. ಕಳೆದ ಮೇಲೆ ಎದುರಾಗುತ್ತದೆ. ಕೊಡಗಿನ ಕಾಲಿಗೆ ಅದು ಏರೇ ಅಲ್ಲ, ಬೇರೆ ದಿನವಾದರೆ ಲೆಕ್ಕಕ್ಕೂ ಬಾರದು. ಆದರೂ ಅಲ್ಲಿಗೆ ಬರುವ ಹೊತ್ತಿಗೆ ಇದೆಲ್ಲ ಯಾಕೆ ಬೇಕಿತ್ತು ಅನಿಸುತ್ತದೆ, ಬಹುತೇಕ ಎಲ್ಲರಿಗೂ. ಆಗ ಹಿಂದಿನ ಅರ್ಧ ಗಂಟೆಯಲ್ಲಿ ಏನಾದರೂ ತಿಂದೆನಾ ಎಂದು ನೋಡಿಕೊಳ್ಳಿ. ತಿಂದಿರದಿದ್ದರೆ ಜೇಬಿನ ಉಂಡೆ ತೆಗೆದು ಬಾಯಿಗೆ ಹಾಕಿ, ಎರಡು ಗುಟುಕು ನೀರು ಕುಡಿದು, ಏರು ಮುಗಿಯುವವರೆಗೆ ಗಡಿಯಾರ ನೋಡದೆ ನಡೆಯಿರಿ. ಐದಾರು ನಿಮಿಷ ಸಾಕು, ಸಕ್ಕರೆ ರಕ್ತಕ್ಕೆ ಸೇರತೊಡಗುತ್ತದೆ. ಆಮೇಲೆ ಇಳಿಜಾರು, ಚಿಕ್ಕ ಹೆಜ್ಜೆಯಲ್ಲಿ.